ಎತ್ತರವೋ, ತಿರುವೋ? ಒಂದು ರೋಲರ್ ಕೋಸ್ಟರ್ ಚರ್ಚೆ



ನಮ್ಮ ಚರ್ಚಾ ಕಾರ್ಯಕ್ರಮದ ಈ ಕಂತಿನ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. 'ಹೊಸ ರೋಲರ್ ಕೋಸ್ಟರ್ ಹೇಗಿರಬೇಕು?' ಇದು ಯಾವ ಪರೀಕ್ಷೆಯಲ್ಲೂ ಬರುವ ಪ್ರಶ್ನೆಯಲ್ಲ. ಆದರೆ ಕಂತಿನ ಸಿದ್ಧತೆಗೆಂದು ನಾವು ಮಡಿಕೇರಿಗೆ ಹೋದಾಗ, ಅಲ್ಲಿನ ವಿದ್ಯಾರ್ಥಿಗಳ ಒಂದು ಗುಂಪು ಈ ಪ್ರಶ್ನೆಯನ್ನು ಹಿಡಿದುಕೊಂಡು ಎರಡು ಗಂಟೆ ಕಾಲ ಬಿಡದೆ ವಾದಿಸಿತು. ಚಹಾ ತಣ್ಣಗಾಯಿತು, ಕ್ಯಾಮೆರಾದವರು ದೀಪ ಆರಿಸಿದರು, ವಾದ ಮಾತ್ರ ನಿಲ್ಲಲಿಲ್ಲ.

ಚರ್ಚೆಗೆ ಕಾರಣವೂ ಇತ್ತು. 2025ರ ಡಿಸೆಂಬರಿನಲ್ಲಿ ಚೆನ್ನೈ ಬಳಿ ವಂಡರ್‌ಲಾ ಸಂಸ್ಥೆಯ ಹೊಸ ಉದ್ಯಾನ ಆರಂಭವಾಯಿತು. ಅಲ್ಲಿನ 'ತಂಡೋರಾ' ಎಂಬ ರೋಲರ್ ಕೋಸ್ಟರಿನಲ್ಲಿ ಹಳಿ ಇರುವುದು ತಲೆಯ ಮೇಲೆ. ಕುಳಿತವರ ಕಾಲು ಗಾಳಿಯಲ್ಲಿ ತೂಗಾಡುತ್ತಿರುತ್ತದೆ. ಇದನ್ನು ವಿನ್ಯಾಸ ಮಾಡಿದ್ದು ಸ್ವಿಟ್ಸರ್ಲೆಂಡಿನ ಬೋಲಿಗರ್ ಮತ್ತು ಮಾಬಿಲಾರ್ ಸಂಸ್ಥೆ. ಮಡಿಕೇರಿಯ ಹುಡುಗರಲ್ಲಿ ಹಲವರು ಶಾಲಾ ಪ್ರವಾಸದಲ್ಲಿ ಬಿಡದಿಯ ವಂಡರ್‌ಲಾಕ್ಕೆ ಹೋಗಿ ಬಂದವರು. ಅಲ್ಲಿನ 'ರೀಕಾಯ್ಲ್' ಹತ್ತಿ, ಹೋದ ಹಳಿಯಲ್ಲೇ ಹಿಂದುಮುಂದಾಗಿ ವಾಪಸು ಬಂದ ಅನುಭವ ಅವರಿಗಿದೆ. ಹೀಗಾಗಿ ಒಬ್ಬೊಬ್ಬರೂ ತಾವೇ ಎಂಜಿನಿಯರ್ ಎಂಬಂತೆ ಮಾತನಾಡಿದರು.

"ಎತ್ತರ ಬೇಕು ಸರ್. ಎತ್ತರ ಇದ್ದಷ್ಟೂ ಮಜಾ" ಎಂದ ಸೋಮವಾರಪೇಟೆಯ ಒಬ್ಬ ಹುಡುಗ.

"ಎತ್ತರದಿಂದ ಒಂದು ಸಲ ಇಳಿದರೆ ಮುಗೀತು. ತಲೆಕೆಳಗಾಗಿ ಸುತ್ತಬೇಕು" ಎಂದಳು ವಿರಾಜಪೇಟೆಯವಳು.

"ಅದೆಲ್ಲ ಏನೂ ಬೇಡ. ಸೀಟಿನಿಂದ ಎದ್ದ ಹಾಗೆ ಆಗಿ ಹೊಟ್ಟೆ ಜುಂ ಅನ್ನಬೇಕು, ಅಷ್ಟೇ" ಎಂದ ಮೂರನೆಯವನು.

ಅಷ್ಟರಲ್ಲಿ ಯಾರೋ ಕೂಗಿದರು: "ನಮ್ಮ ಕೊಡಗಿನಲ್ಲೇ ಒಂದು ಕಟ್ಟಬಹುದಲ್ಲ ಸರ್! ಇಳಿಜಾರು ಇಲ್ಲೇ ಇದೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮಕ್ಕಂದೂರು ಕಡೆಯ ಹುಡುಗಿ ಮೆಲ್ಲಗೆ ಕೇಳಿದಳು: "ಕಂಬ ಎಲ್ಲಿ ನೆಡ್ತೀರಿ?"

ಆ ಪ್ರಶ್ನೆಗೆ ಆಮೇಲೆ ಬರೋಣ. ಮೊದಲು ಮೂವರ ವಾದಗಳನ್ನೂ ಒಂದೊಂದಾಗಿ ಪರೀಕ್ಷಿಸೋಣ. ನೀವು ಹತ್ತನೆಯ ತರಗತಿಯವರೆಗೆ ಓದಿದ ಭೌತವಿಜ್ಞಾನ ಇದಕ್ಕೆ ಧಾರಾಳವಾಗಿ ಸಾಕು.

ಹಾಳೆಯಿಂದ ಹಳಿಗೆ

ಮಲೆನಾಡಿನಲ್ಲಿ ಬೆಳೆದವರಿಗೆ ಅಡಿಕೆ ಹಾಳೆಯ ಮೇಲೆ ಕುಳಿತು ಇಳಿಜಾರಿನಲ್ಲಿ ಜಾರಿದ ನೆನಪು ಇದ್ದೇ ಇರುತ್ತದೆ. ರೋಲರ್ ಕೋಸ್ಟರಿನ ಮೂಲವೂ ಹೀಗೇ ಜಾರುವ ಆಟ. ರಷ್ಯಾ ದೇಶದಲ್ಲಿ ಚಳಿಗಾಲ ಬಂತೆಂದರೆ ಮರದ ಅಟ್ಟಣಿಗೆ ಕಟ್ಟಿ, ಅದರ ಮೇಲೆ ನೀರು ಸುರಿದು, ಅದು ಹೆಪ್ಪುಗಟ್ಟಿದ ಮೇಲೆ ಜನ ಜಾರುತ್ತಿದ್ದರು. ಇದು ಮುನ್ನೂರು ವರ್ಷಗಳಷ್ಟು ಹಿಂದಿನ ಮಾತು.

1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬವರು ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಒಂದು 'ಸ್ವಿಚ್‌ಬ್ಯಾಕ್ ರೈಲು' ಕಟ್ಟಿದರು. ಅದರ ಎತ್ತರ ಸುಮಾರು 15 ಮೀಟರ್. ವೇಗ ಗಂಟೆಗೆ 10 ಕಿಲೋಮೀಟರೂ ಇರಲಿಲ್ಲ. ನಮ್ಮ ಸೈಕಲ್ಲು ಅದನ್ನು ಹಿಂದೆ ಹಾಕುತ್ತದೆ. ಸವಾರಿಗೆ ಐದು ಸೆಂಟ್. ಆದರೂ ಜನ ಸಾಲುಗಟ್ಟಿ ನಿಂತರು.

ನಮ್ಮ ದೇಶದಲ್ಲಿ ಇಂಥ ಉದ್ಯಾನಗಳ ಕಾಲ ಆರಂಭವಾದದ್ದು 1984ರಲ್ಲಿ, ದೆಹಲಿಯ ಅಪ್ಪು ಘರ್‌ನಿಂದ. ಅದು 2008ರಲ್ಲಿ ಮುಚ್ಚಿತು. ಕರ್ನಾಟಕದಲ್ಲಿ ಬಿಡದಿಯ ಉದ್ಯಾನ ತೆರೆದದ್ದು 2005ರಲ್ಲಿ.

ಎತ್ತರದವರ ವಾದ

ರೋಲರ್ ಕೋಸ್ಟರಿನ ಗಾಡಿಗೆ ಸಾಮಾನ್ಯವಾಗಿ ಎಂಜಿನ್ ಇರುವುದಿಲ್ಲ. ಒಂದು ಸರಪಳಿ ಅದನ್ನು ಮೊದಲ ದಿಬ್ಬದ ತುದಿಗೆ ಎಳೆದು ಬಿಟ್ಟುಬಿಡುತ್ತದೆ. ಆಮೇಲಿನದೆಲ್ಲ ಗುರುತ್ವಾಕರ್ಷಣೆಯ ಕೆಲಸ. ತುದಿಯಲ್ಲಿ ಗಾಡಿಗೆ ಪ್ರಚ್ಛನ್ನ ಶಕ್ತಿ ಇರುತ್ತದೆ. ಇಳಿಯುತ್ತಿದ್ದಂತೆ ಅದು ಚಲನಶಕ್ತಿಯಾಗುತ್ತದೆ. ಮುಂದಿನ ದಿಬ್ಬ ಹತ್ತುವಾಗ ಮತ್ತೆ ಪ್ರಚ್ಛನ್ನ ಶಕ್ತಿ. ದಾರಿಯಲ್ಲಿ ಘರ್ಷಣೆಗೂ ಗಾಳಿಗೂ ಒಂದಿಷ್ಟು ಶಕ್ತಿ ಹೋಗುವುದರಿಂದ ಮುಂದಿನ ಯಾವ ದಿಬ್ಬವೂ ಮೊದಲನೆಯದರಷ್ಟು ಎತ್ತರ ಇರಲಾಗದು.

ಹಾಗಾದರೆ ಎತ್ತರ ಹೆಚ್ಚಿದರೆ ವೇಗವೂ ಹೆಚ್ಚಬೇಕಲ್ಲವೇ? ಹೆಚ್ಚುತ್ತದೆ, ಆದರೆ ನೀವು ಎಣಿಸಿದಷ್ಟು ಅಲ್ಲ. ಸೂತ್ರ ನೆನಪಿಸಿಕೊಳ್ಳಿ: ವೇಗದ ವರ್ಗವು ಎತ್ತರಕ್ಕೆ ಅನುಪಾತವಾಗಿರುತ್ತದೆ. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 20 ಮೀಟರ್ ಎತ್ತರದಿಂದ ಇಳಿದ ಗಾಡಿಯ ವೇಗ ಗಂಟೆಗೆ ಸುಮಾರು 71 ಕಿಲೋಮೀಟರ್. ಎತ್ತರವನ್ನು ಇಮ್ಮಡಿ ಮಾಡಿ 40 ಮೀಟರಿಗೆ ಏರಿಸಿದರೆ ವೇಗ 142 ಆಗುವುದಿಲ್ಲ. ಸುಮಾರು 101 ಆಗುತ್ತದೆ. ಕಬ್ಬಿಣ ಎರಡು ಪಟ್ಟಿಗೂ ಮೀರಿ ಬೇಕು, ವೇಗ ಮಾತ್ರ ಒಂದೂವರೆ ಪಟ್ಟೂ ಆಗಲಿಲ್ಲ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ವೇಗವೆಂಬುದು ನಮ್ಮ ದೇಹಕ್ಕೆ ಗೊತ್ತೇ ಆಗುವುದಿಲ್ಲ! ಗಂಟೆಗೆ 800 ಕಿಲೋಮೀಟರ್ ವೇಗದ ವಿಮಾನದಲ್ಲಿ ಕುಳಿತವರ ಲೋಟದ ಕಾಫಿ ಅಲುಗಾಡದೆ ನಿಂತಿರುತ್ತದೆ. ಕಿಟಕಿ ಮುಚ್ಚಿದರೆ ಓಡುತ್ತಿದ್ದೇವೋ ನಿಂತಿದ್ದೇವೋ ಎಂದು ತಿಳಿಯುವುದೂ ಕಷ್ಟ. ನಮ್ಮ ಒಳಕಿವಿ ಗುರುತಿಸುವುದು ವೇಗದ ಬದಲಾವಣೆಯನ್ನು, ಅಂದರೆ ವೇಗೋತ್ಕರ್ಷವನ್ನು. ವೇಗ ಹೆಚ್ಚಾದರೆ, ಕಡಿಮೆಯಾದರೆ, ಅಥವಾ ದಿಕ್ಕು ಬದಲಾದರೆ ಮಾತ್ರ ದೇಹಕ್ಕೆ ಸುದ್ದಿ ಮುಟ್ಟುತ್ತದೆ.

ಅಮೆರಿಕದ ನ್ಯೂಜೆರ್ಸಿಯಲ್ಲಿ 2005ರಲ್ಲಿ 'ಕಿಂಗ್ಡಾ ಕಾ' ಎಂಬ ರೋಲರ್ ಕೋಸ್ಟರ್ ತೆರೆಯಿತು. ಎತ್ತರ 139 ಮೀಟರ್. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಎತ್ತರದ್ದು. ಸವಾರಿ ಮುಗಿಯುತ್ತಿದ್ದುದು ಅರ್ಧ ನಿಮಿಷದ ಆಸುಪಾಸಿನಲ್ಲಿ. ಮೇಲೆ ಹೋಗುವುದು, ಕೆಳಗೆ ಬರುವುದು, ಇನ್ನೊಂದು ಸಣ್ಣ ದಿಬ್ಬ, ಅಷ್ಟೇ. 2024ರಲ್ಲಿ ಅದನ್ನು ನಿಲ್ಲಿಸಿ 2025ರಲ್ಲಿ ಕೆಡವಿದರು. ಎತ್ತರ ಅಗ್ಗದ ಮಾತಲ್ಲ. ಅದೊಂದರಿಂದಲೇ ಸವಾರಿ ರುಚಿಸುವುದೂ ಇಲ್ಲ.

ಸುತ್ತಿನವರ ವಾದ

ವಿರಾಜಪೇಟೆಯ ಹುಡುಗಿಯ ಮಾತಿನಲ್ಲಿ ಹುರುಳಿದೆ. ತಲೆಕೆಳಗಾದ ಸುತ್ತಿನಲ್ಲಿ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆದರೆ ಈ ಸುತ್ತು ಎಂಬುದು ಎಂಜಿನಿಯರುಗಳಿಗೆ ಸುಮಾರು ಎಂಬತ್ತು ವರ್ಷ ತಲೆನೋವು ತಂದಿತ್ತು ಎಂದರೆ ನಂಬುತ್ತೀರಾ?

1895ರಲ್ಲಿ ಕೋನಿ ಐಲೆಂಡಿನಲ್ಲೇ 'ಫ್ಲಿಪ್ ಫ್ಲ್ಯಾಪ್' ಎಂಬ ಸುತ್ತು ಬಂತು. ಅದು ಬಳೆಯಂತೆ ಪೂರ್ತಿ ವೃತ್ತ, ವ್ಯಾಸ 25 ಅಡಿ. ಹತ್ತಿದವರು ಕುತ್ತಿಗೆ ನೋವೆಂದು ಇಳಿದರು. ಕೆಲವೇ ವರ್ಷಗಳಲ್ಲಿ ಅದು ಮಾಯವಾಯಿತು.

ಕಾರಣ ನೀವೇ ಲೆಕ್ಕ ಹಾಕಬಹುದು. ವೃತ್ತದ ತುದಿಯಲ್ಲಿ ತಲೆಕೆಳಗಾಗಿರುವಾಗ ಗಾಡಿ ಹಳಿಗೆ ಅಂಟಿಕೊಂಡಿರಬೇಕಾದರೆ ಅಲ್ಲಿ ಅದಕ್ಕೆ ಒಂದು ಕನಿಷ್ಠ ವೇಗ ಇರಲೇಬೇಕು. ತುದಿಯಲ್ಲಿ ಅಷ್ಟು ವೇಗ ಉಳಿಯಬೇಕಾದರೆ ಬುಡದಲ್ಲಿ ಇನ್ನೂ ಹೆಚ್ಚು ವೇಗ ಬೇಕು. ಆ ವೇಗದಲ್ಲಿ ವೃತ್ತದೊಳಕ್ಕೆ ನುಗ್ಗಿದಾಗ ಕೇಂದ್ರಾಭಿಮುಖ ವೇಗೋತ್ಕರ್ಷ ಗುರುತ್ವದ ಐದು ಪಟ್ಟಾಗುತ್ತದೆ. ನಿಮ್ಮ ಸ್ವಂತ ತೂಕ ಸೇರಿಸಿದರೆ ಆರು ಪಟ್ಟು. ಇದನ್ನು '6 ಜಿ' ಎನ್ನುತ್ತಾರೆ. ಕುರ್ಚಿಯಲ್ಲಿ ಸುಮ್ಮನೆ ಕುಳಿತಿರುವಾಗ ನಿಮ್ಮ ಮೇಲಿರುವುದು 1 ಜಿ. 50 ಕಿಲೋ ತೂಕದ ಹುಡುಗನಿಗೆ 6 ಜಿಯಲ್ಲಿ ತನ್ನ ತೂಕ 300 ಕಿಲೋ ಆದಂತೆ ಅನ್ನಿಸುತ್ತದೆ. ತಲೆಯ ರಕ್ತ ಕಾಲಿಗೆ ಇಳಿಯತೊಡಗುತ್ತದೆ, ಕಣ್ಣು ಮಂಜಾಗುತ್ತದೆ. ಇದು ಕನಿಷ್ಠ ಲೆಕ್ಕ; ಫ್ಲಿಪ್ ಫ್ಲ್ಯಾಪಿನಲ್ಲಿ ಇದಕ್ಕೂ ಹೆಚ್ಚಾಗಿತ್ತೆಂದು ಹೇಳುತ್ತಾರೆ.

ಇಲ್ಲಿ ಒಂದು ಸ್ವಾರಸ್ಯ ಗಮನಿಸಿ. ಈ ಲೆಕ್ಕದಲ್ಲಿ ತ್ರಿಜ್ಯ ಎಲ್ಲೂ ಉಳಿಯುವುದಿಲ್ಲ, ಹೊಡೆದುಹೋಗುತ್ತದೆ. ವೃತ್ತವನ್ನು ಹತ್ತು ಪಟ್ಟು ದೊಡ್ಡದು ಮಾಡಿ, ಆಗಲೂ ಬುಡದಲ್ಲಿ 6 ಜಿ! ಗಾತ್ರ ಬದಲಿಸಿ ಪ್ರಯೋಜನವಿಲ್ಲ. ಆಕಾರವನ್ನೇ ಬದಲಿಸಬೇಕು.

ಆಕಾರ ಬದಲಿಸಿದವರು ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗಲ್. ಆಂಟನ್ ಶ್ವಾರ್ಟ್ಸ್‌ಕಾಫ್ ಎಂಬ ತಯಾರಕರ ಜೊತೆ ಸೇರಿ ಅವರು ರೂಪಿಸಿದ 'ರೆವಲ್ಯೂಷನ್' 1976ರಲ್ಲಿ ಕ್ಯಾಲಿಫೋರ್ನಿಯದಲ್ಲಿ ತೆರೆಯಿತು. ಅದರ ಸುತ್ತು ವೃತ್ತವಲ್ಲ. ಬುಡದಲ್ಲಿ ಅಗಲವಾದ ಬಾಗು, ಮೇಲೇರಿದಂತೆ ಬಾಗು ಬಿಗಿಯಾಗುತ್ತಾ ಹೋಗಿ, ತುದಿಯಲ್ಲಿ ಎಲ್ಲಕ್ಕಿಂತ ಬಿಗಿ. ನೀರಿನ ಹನಿಯನ್ನು ಚೂಪು ತುದಿ ಕೆಳಗಾಗಿ ಹಿಡಿದಂತೆ ಕಾಣುತ್ತದೆ. ಈ ವಕ್ರರೇಖೆಗೆ 'ಕ್ಲೋಥಾಯ್ಡ್' ಎಂದು ಹೆಸರು.

ಒಂದು ಉದಾಹರಣೆ ನೋಡೋಣ. 18 ಮೀಟರ್ ಎತ್ತರದ ಸುತ್ತಿನೊಳಕ್ಕೆ ಗಾಡಿ ಸೆಕೆಂಡಿಗೆ 22 ಮೀಟರ್ ವೇಗದಲ್ಲಿ ಬರುತ್ತದೆ ಎನ್ನಿ. ಸುತ್ತು ಪೂರ್ತಿ ವೃತ್ತವಾಗಿದ್ದರೆ ತ್ರಿಜ್ಯ 9 ಮೀಟರ್. ಬುಡದಲ್ಲಿ ಸುಮಾರು 6.5 ಜಿ. ಅದೇ ಎತ್ತರ, ಅದೇ ವೇಗ ಇಟ್ಟುಕೊಂಡು ಬುಡದ ಬಾಗಿನ ತ್ರಿಜ್ಯವನ್ನು 30 ಮೀಟರ್, ತುದಿಯದನ್ನು 6 ಮೀಟರ್ ಮಾಡಿದರೆ ಬುಡದಲ್ಲಿ ಸುಮಾರು 2.6 ಜಿ, ತುದಿಯಲ್ಲಿ ಸುಮಾರು 1.2 ಜಿ. ತಲೆಕೆಳಗಾಗಿದ್ದರೂ ನೀವು ಸೀಟಿಗೆ ಒತ್ತಿಕೊಂಡೇ ಇರುತ್ತೀರಿ! ಎತ್ತರ ಒಂದು ಅಡಿಯೂ ಬದಲಾಗಿಲ್ಲ. ಬದಲಾದದ್ದು ತಿರುವು.

ಈ ಕ್ಲೋಥಾಯ್ಡ್ ನಿಮಗೆ ಹೊಸದೇನಲ್ಲ. ಸುಳ್ಯದ ಕಡೆಯಿಂದ ಸಂಪಾಜೆ ಘಾಟಿ ಹತ್ತುವ ಬಸ್ಸಿನ ಚಾಲಕರನ್ನು ನೋಡಿದ್ದೀರಲ್ಲ? ತಿರುವು ಬಂದಾಗ ಅವರು ಸ್ಟಿಯರಿಂಗನ್ನು ಒಂದೇ ಏಟಿಗೆ ತಿರುಗಿಸುವುದಿಲ್ಲ. ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋಗಿ, ಮತ್ತೆ ಸ್ವಲ್ಪ ಸ್ವಲ್ಪವೇ ಬಿಡುತ್ತಾರೆ. ಒಂದೇ ವೇಗದಲ್ಲಿ ಹೋಗುತ್ತಾ ಸ್ಟಿಯರಿಂಗನ್ನು ಸಮನಾಗಿ ತಿರುಗಿಸಿದರೆ ಚಕ್ರಗಳು ನೆಲದ ಮೇಲೆ ಬರೆಯುವ ಗೆರೆಯೇ ಹೆಚ್ಚುಕಡಿಮೆ ಕ್ಲೋಥಾಯ್ಡ್. ರೈಲು ಹಳಿಯನ್ನು ನೇರದಿಂದ ತಿರುವಿಗೆ ಒಯ್ಯುವಾಗಲೂ ಇಂಥದೇ ಬಾಗು ಬಳಸುತ್ತಾರೆ. ಹಾಗಿಲ್ಲದಿದ್ದರೆ ಪ್ರತಿ ತಿರುವಿನಲ್ಲೂ ಪ್ರಯಾಣಿಕರು ಪಕ್ಕದವರ ಮೇಲೆ ಬೀಳಬೇಕಾಗುತ್ತಿತ್ತು.

ಹೊಟ್ಟೆ ಜುಂ ಎನ್ನುವುದು

ಮೂರನೆಯವನ ವಾದವನ್ನು ಜಗತ್ತಿನ ರೋಲರ್ ಕೋಸ್ಟರ್ ಅಭಿಮಾನಿಗಳಲ್ಲಿ ಬಹಳ ಜನ ಒಪ್ಪುತ್ತಾರೆ. ಅಮೆರಿಕದಲ್ಲಿ 1978ರಿಂದಲೇ ಇಂಥ ಅಭಿಮಾನಿಗಳ ಸಂಘವಿದೆ. ಮರದ್ದು ಒಳ್ಳೆಯದೋ ಉಕ್ಕಿನದೋ, ಮುಂದಿನ ಸೀಟೋ ಹಿಂದಿನ ಸೀಟೋ ಎಂದು ಅವರು ವರ್ಷಗಟ್ಟಲೆ ವಾದಿಸುತ್ತಾರೆ. ಆದರೆ ಸೀಟಿನಿಂದ ಮೈ ಮೇಲೇಳುವ ಕ್ಷಣ ಬೇಕೇ ಬೇಕು ಎನ್ನುವವರು ಎರಡೂ ಪಕ್ಷಗಳಲ್ಲಿದ್ದಾರೆ.

ಗಾಡಿ ವೇಗವಾಗಿ ಬಂದು ದಿಬ್ಬವೊಂದರ ನೆತ್ತಿ ದಾಟುತ್ತದೆ. ಹಳಿ ಕೆಳಕ್ಕೆ ಬಾಗುತ್ತದೆ. ನಿಮ್ಮ ದೇಹ ಜಡತ್ವದಿಂದಾಗಿ ನೇರ ಮುಂದಕ್ಕೆ ಹೋಗಲು ನೋಡುತ್ತದೆ. ದಿಬ್ಬದ ಬಾಗು ಸಾಕಷ್ಟು ಬಿಗಿಯಾಗಿದ್ದರೆ ಸೀಟು ನಿಮ್ಮ ಕೆಳಗಿನಿಂದ ಜಾರಿಹೋಗುತ್ತದೆ. ಆಗ ನೀವು ಆಕಾಶಕ್ಕೆ ಎಸೆದ ಚೆಂಡಿನಂತೆ. ಹೊಟ್ಟೆಯೊಳಗಿನ ಅಂಗಗಳೂ ತಮ್ಮ ಭಾರ ಕಳೆದುಕೊಂಡಂತಾಗುವುದರಿಂದ ಆ 'ಜುಂ'. ಇದಕ್ಕೂ ಭಾರೀ ಎತ್ತರ ಬೇಕಾಗಿಲ್ಲ. ಸೆಕೆಂಡಿಗೆ 10 ಮೀಟರ್ ವೇಗ, ಅಂದರೆ ಗಂಟೆಗೆ 36 ಕಿಲೋಮೀಟರ್ ಇದ್ದರೂ, ದಿಬ್ಬದ ನೆತ್ತಿಯ ತ್ರಿಜ್ಯ ಸುಮಾರು 10 ಮೀಟರ್ ಇದ್ದರೆ ಸಾಕು, ನಿಮ್ಮ ತೂಕ ಸೊನ್ನೆ!

ಮುಂದಿನ ಸೀಟು, ಹಿಂದಿನ ಸೀಟು ಎಂಬ ಜಗಳಕ್ಕೂ ಉತ್ತರ ಇಲ್ಲಿದೆ. ಗಾಡಿಗಳ ಸಾಲು ಉದ್ದವಾಗಿರುತ್ತದೆ. ಮೊದಲ ಗಾಡಿ ನೆತ್ತಿ ದಾಟುವಾಗ ಹಿಂದಿನವು ಇನ್ನೂ ಏರುತ್ತಿರುತ್ತವೆ, ಆದ್ದರಿಂದ ಅದು ನಿಧಾನ. ಕೊನೆಯ ಗಾಡಿ ನೆತ್ತಿಗೆ ಬರುವಷ್ಟರಲ್ಲಿ ಮುಂದಿನವೆಲ್ಲ ಇಳಿಯುತ್ತಾ ಅದನ್ನು ಸೆಳೆಯುತ್ತಿರುತ್ತವೆ. ಹೀಗಾಗಿ ಇಳಿಜಾರಿನ ಆರಂಭದಲ್ಲಿ ಹಿಂದೆ ಕುಳಿತವರೇ ಹೆಚ್ಚು ಮೇಲೇಳುತ್ತಾರೆ.

ಗಾಡಿಯೂ ಹಳಿಯಿಂದ ಮೇಲೆದ್ದುಬಿಟ್ಟರೆ? ಈ ಭಯಕ್ಕೆ ಅಮೆರಿಕದ ಜಾನ್ ಮಿಲ್ಲರ್ 1919ರಲ್ಲಿ ಪೇಟೆಂಟ್ ಪಡೆದ ಉಪಾಯವೇ ಉತ್ತರ. ಹಳಿಯ ಮೇಲೊಂದು ಚಕ್ರ, ಪಕ್ಕದಲ್ಲೊಂದು ಚಕ್ರ, ಕೆಳಗೊಂದು ಚಕ್ರ. ಹೀಗೆ ಮೂರು ಕಡೆಯಿಂದ ಹಿಡಿದುಕೊಂಡ ಗಾಡಿ ಯಾವ ದಿಕ್ಕಿಗೆ ಎಳೆದರೂ ಹಳಿ ಬಿಡುವುದಿಲ್ಲ. ಮೊದಲ ದಿಬ್ಬ ಏರುವಾಗ ಕೇಳುವ 'ಟಕ್ ಟಕ್ ಟಕ್' ಸದ್ದು ಕೂಡ ಹೆದರಿಸಲಿಕ್ಕಲ್ಲ. ಸರಪಳಿ ತುಂಡಾದರೂ ಗಾಡಿ ಹಿಂದಕ್ಕೆ ಉರುಳದಂತೆ ತಡೆಯುವ ಕೊಂಡಿ, ಹಲ್ಲಿನಿಂದ ಹಲ್ಲಿಗೆ ಬೀಳುವ ಸದ್ದು ಅದು.

ಇಷ್ಟು ತಿಳಿದ ಮೇಲೆ ಚೆನ್ನೈಯ ತೂಗಾಡುವ ಕಾಲಿನ ಗುಟ್ಟೂ ಅರ್ಥವಾಗುತ್ತದೆ. ಹಳಿ ತಲೆಯ ಮೇಲಿರುವ ಈ ಬಗೆ ಮೊದಲು ಬಂದದ್ದು 1992ರಲ್ಲಿ, ಅಮೆರಿಕದ ಷಿಕಾಗೋ ಬಳಿ. ಕಾಲಿನ ಕೆಳಗೆ ನೆಲವಿಲ್ಲದಿರುವುದು ಕಣ್ಣಿಗೆ ಭಯ. ಆದರೆ ದೇಹದ ಮೇಲೆ ಬೀಳುವ ಬಲ ನಿರ್ಧಾರವಾಗುವುದು ಮೊದಲಿನಂತೆಯೇ ವೇಗ ಮತ್ತು ತಿರುವಿನಿಂದ. ಇಂದಿನ ವಿನ್ಯಾಸಕಾರರು ಹಳಿಯನ್ನು ತಿರುಚುವಾಗ ಕುಳಿತವರ ಎದೆಯನ್ನೇ ನಡುವೆಂದು ಇಟ್ಟುಕೊಂಡು ಅದರ ಸುತ್ತ ಹಳಿಯನ್ನು ತಿರುಗಿಸುತ್ತಾರೆ. ಎದೆ ಹೆಚ್ಚು ಅಲುಗದಿದ್ದರೆ ತಲೆ ಅತ್ತಿತ್ತ ಬಡಿಯುವುದೂ ಕಡಿಮೆ.

ಯಂತ್ರ ನಿಲ್ಲು ಎಂದಾಗ

ಇದುವರೆಗೆ ಹೇಳಿದ್ದು ಹಳಿಯ ಮಾತು. ಆದರೆ ಹಳಿ ಸರಿಯಿದ್ದ ಮಾತ್ರಕ್ಕೆ ಸವಾರಿ ಸುರಕ್ಷಿತವಲ್ಲ. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಲೋಲಕದಂತೆ ತೂಗುವ ಆಟದ ಯಂತ್ರ ಮುರಿದುಬಿದ್ದು ಇಬ್ಬರು ಸತ್ತರು, ಹಲವರು ಗಾಯಗೊಂಡರು. 2025ರ ಏಪ್ರಿಲ್‌ನಲ್ಲಿ ದೆಹಲಿಯ ಉದ್ಯಾನವೊಂದರಲ್ಲಿ 24 ವರ್ಷದ ಯುವತಿಯೊಬ್ಬರು ರೋಲರ್ ಕೋಸ್ಟರಿನಿಂದ ಬಿದ್ದು ತೀರಿಕೊಂಡರು.

ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ 2015ರ ಜೂನ್ 2ರಂದು ನಡೆದದ್ದಂತೂ ಪ್ರತಿಯೊಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ತಿಳಿದಿರಬೇಕಾದ ಪಾಠ. ರೈಲ್ವೆಯಲ್ಲಿ ಒಂದು ವಿಭಾಗದ ಹಳಿಯಲ್ಲಿ ಒಂದು ರೈಲು ಇರುವಾಗ ಇನ್ನೊಂದಕ್ಕೆ ಹಸಿರು ದೀಪ ಸಿಗುವುದಿಲ್ಲ. ರೋಲರ್ ಕೋಸ್ಟರಿನಲ್ಲೂ ಅದೇ ಏರ್ಪಾಡು. ಅಂದು 'ಸ್ಮೈಲರ್' ಎಂಬ ಕೋಸ್ಟರಿನ ಖಾಲಿ ಗಾಡಿಯೊಂದು ಹಳಿಯ ನಡುವೆ ನಿಂತುಬಿಟ್ಟಿತ್ತು. ಯಂತ್ರ ಅದನ್ನು ಗುರುತಿಸಿ, ಹಿಂದಿನ ಗಾಡಿಯನ್ನು ಸರಿಯಾಗಿಯೇ ತಡೆದು ನಿಲ್ಲಿಸಿತು. ನೋಡಿಕೊಳ್ಳುತ್ತಿದ್ದವರು ಯಂತ್ರವೇ ತಪ್ಪು ಹೇಳುತ್ತಿದೆ ಎಂದುಕೊಂಡು ಆ ತಡೆಯನ್ನು ಮೀರಿ ಗಾಡಿ ಬಿಟ್ಟರು. ಡಿಕ್ಕಿಯಲ್ಲಿ ಇಬ್ಬರು ಯುವತಿಯರು ಕಾಲು ಕಳೆದುಕೊಂಡರು. ಸಂಸ್ಥೆಗೆ 2016ರಲ್ಲಿ 50 ಲಕ್ಷ ಪೌಂಡ್ ದಂಡ ಬಿತ್ತು. ಯಂತ್ರ ನಿಲ್ಲು ಎಂದಿತ್ತು, ಕೇಳಲಿಲ್ಲ.

ಆದ್ದರಿಂದ ಉದ್ಯಾನದ ಸಿಬ್ಬಂದಿ "ನಿನ್ನ ಎತ್ತರ ಸಾಲದು ಮಗೂ" ಎಂದು ನಿಮ್ಮ ತಮ್ಮನನ್ನು ತಡೆದಾಗ ಜಗಳವಾಡಬೇಡಿ. ಎದೆಯ ಮೇಲೆ ಬೀಳುವ ಪಟ್ಟಿಯ ಅಳತೆ ನಿಗದಿಯಾಗಿರುವುದು ಒಂದು ಗಾತ್ರದ ದೇಹಕ್ಕೆ. ಮೈ ಮೇಲೇಳುವ ಕ್ಷಣದಲ್ಲಿ ಅದಕ್ಕಿಂತ ಸಣ್ಣ ದೇಹ ಪಟ್ಟಿಯ ಕೆಳಗಿನಿಂದ ನುಸುಳಿಹೋಗಬಹುದು.

ಕಂಬ ಎಲ್ಲಿ?

ಈಗ ಹಿಂದಿನ ಸಾಲಿನ ಹುಡುಗಿಯ ಪ್ರಶ್ನೆಗೆ ಬರೋಣ. ಅವಳು ಕೇಳಿದಾಗ ಒಂದಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. 2018ರ ಆಗಸ್ಟ್ ಎಲ್ಲರಿಗೂ ನೆನಪಿಗೆ ಬಂತು. ಆ ತಿಂಗಳ ಮಳೆಗೆ ಮಕ್ಕಂದೂರು, ಮದೆನಾಡು, ಜೋಡುಪಾಲ, ಮುಕ್ಕೋಡ್ಲು ಕಡೆಗಳಲ್ಲಿ ಗುಡ್ಡಗಳು ಕುಸಿದವು. ಮನೆಗಳು, ಕಾಫಿ ತೋಟಗಳು, ರಸ್ತೆ ಎಲ್ಲವೂ ಕೆಳಗೆ ಬಂದವು. ಜೀವಹಾನಿಯಾಯಿತು. ಮಡಿಕೇರಿ–ಸಂಪಾಜೆ ಹೆದ್ದಾರಿಯಲ್ಲಿ ವಾರಗಟ್ಟಲೆ ಸಂಚಾರ ನಿಂತಿತ್ತು. "ನಾನಾಗ ಐದನೇ ಕ್ಲಾಸು. ನಮ್ಮ ಮನೆ ಹಿಂದಿನ ಬರೆ ರಾತ್ರಿ ಬಂತು. ನಾವು ಸಂಜೆಯೇ ಅತ್ತೆ ಮನೆಗೆ ಹೋಗಿದ್ವಿ" ಎಂದಷ್ಟೇ ಆ ಹುಡುಗಿ ಹೇಳಿದಳು.

ಗುಡ್ಡ ಕುಸಿಯುವುದರ ಹಿಂದೆಯೂ ಇರುವುದು ನಾವು ಇಷ್ಟು ಹೊತ್ತು ಮಾತನಾಡಿದ ಭೌತವಿಜ್ಞಾನವೇ. ಇಳಿಜಾರಿನ ಮಣ್ಣನ್ನು ಗುರುತ್ವ ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಕಣಕಣದ ನಡುವಿನ ಘರ್ಷಣೆ ಮತ್ತು ಅಂಟು ಅದನ್ನು ಹಿಡಿದಿಟ್ಟಿರುತ್ತವೆ. ಬಿಡದೆ ಮಳೆ ಸುರಿದಾಗ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ನೀರು ಸೇರಿ ಮಣ್ಣಿನ ತೂಕ ಹೆಚ್ಚುತ್ತದೆ; ಕಣಗಳ ನಡುವೆ ತುಂಬಿದ ನೀರಿನ ಒತ್ತಡ ಕಣಗಳನ್ನು ದೂರ ತಳ್ಳಿ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ಎಳೆಯುವ ಬಲ ಹೆಚ್ಚಿತು, ಹಿಡಿಯುವ ಬಲ ತಗ್ಗಿತು. ಇದರ ಮೇಲೆ ನಾವು ಮನೆಗೋ ರಸ್ತೆಗೋ ಗುಡ್ಡದ ಬುಡವನ್ನು ಕಡಿದು ನೆಟ್ಟಗೆ ನಿಲ್ಲಿಸಿದ್ದರೆ ಮೇಲಿನ ಮಣ್ಣಿಗೆ ಆಸರೆಯೂ ಇಲ್ಲ. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಭಾರೀ ಮಳೆಯ ಜೊತೆಗೆ, ಹೀಗೆ ಇಳಿಜಾರನ್ನು ಕಡಿದು ಬದಲಾಯಿಸಿದ್ದನ್ನೂ ಕಾರಣವಾಗಿ ಹೇಳಿದ್ದರು.

ಇಂಥ ನೆಲದಲ್ಲಿ ರೋಲರ್ ಕೋಸ್ಟರಿನ ಕಂಬ ನೆಡಬೇಕು ಎನ್ನಿ. ಕಂಬ ಹೊರುವುದು ಗಾಡಿಯ ತೂಕವನ್ನು ಮಾತ್ರವಲ್ಲ. 5 ಟನ್ನಿನ ಗಾಡಿಗಳ ಸಾಲು 4 ಜಿ ತಿರುವಿನಲ್ಲಿ ಹಳಿಯನ್ನು 20 ಟನ್ನಿನಷ್ಟು ಒತ್ತುತ್ತದೆ. ಅದೂ ನೇರ ಕೆಳಕ್ಕಲ್ಲ, ಪಕ್ಕಕ್ಕೆ, ಓರೆಯಾಗಿ. ಎರಡು ನಿಮಿಷಕ್ಕೊಂದು ಸವಾರಿಯಂತೆ ದಿನಕ್ಕೆ ಎಂಟು ಗಂಟೆ ಓಡಿಸಿದರೆ 240 ಸಲ. ವರ್ಷಕ್ಕೆ 300 ದಿನವಾದರೆ 72,000 ಸಲ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಅದು ತುಂಡಾಗುತ್ತದಲ್ಲವೇ? ಉಕ್ಕಿಗೂ ಹಾಗೆ ದಣಿವು ಬರುತ್ತದೆ. ಬುನಾದಿಯ ಮಣ್ಣೂ ಪ್ರತಿ ಸಲ ಅಲುಗುತ್ತದೆ. ಎತ್ತರ ಹೆಚ್ಚಿದಷ್ಟೂ ಕಂಬ ದಪ್ಪವಾಗಬೇಕು, ಬುನಾದಿ ಆಳವಾಗಬೇಕು, ಅದಕ್ಕಾಗಿ ಗುಡ್ಡವನ್ನು ಇನ್ನಷ್ಟು ಕಡಿಯಬೇಕು.

ಇಷ್ಟಾದ ಮೇಲೆ ಸೋಮವಾರಪೇಟೆಯ ಹುಡುಗ ತಾನೇ ಎದ್ದು ನಿಂತ. "ಹಾಗಾದ್ರೆ ಎತ್ತರ ಬೇಡ ಸರ್. ನೆಲಕ್ಕೆ ಅಂಟಿಕೊಂಡೇ ಹೋಗಲಿ." ಅವನಿಗೆ ಗೊತ್ತಿರಲಿಲ್ಲ, ಅಂಥದ್ದು ನಿಜವಾಗಿಯೂ ಇದೆ. ಯೂರೋಪಿನ ಆಲ್ಪ್ಸ್ ಪರ್ವತ ಪ್ರದೇಶದಲ್ಲಿ ಗುಡ್ಡದ ಇಳಿಜಾರನ್ನೇ ಅನುಸರಿಸಿ, ನೆಲದಿಂದ ತುಸುವೇ ಮೇಲೆ ಹಾಕಿದ ಹಳಿಯಲ್ಲಿ ಒಬ್ಬರೋ ಇಬ್ಬರೋ ಕುಳಿತುಕೊಳ್ಳುವ ಪುಟ್ಟ ಗಾಡಿಗಳು ಇಳಿಯುತ್ತವೆ. ಬ್ರೇಕು ಕುಳಿತವರ ಕೈಯಲ್ಲೇ ಇರುತ್ತದೆ. ಮರಗಳ ನಡುವೆ ತಿರುತಿರುಗಿ ಇಳಿಯುವಾಗ ಸಣ್ಣ ವೇಗವೂ ದೊಡ್ಡದಾಗಿ ತೋರುತ್ತದೆ.

ನಾನು ಇದನ್ನು ಹೇಳಿದಾಗ ಸಭೆಗೆ ಸಂತೋಷವಾಯಿತು. ಮಕ್ಕಂದೂರಿನ ಹುಡುಗಿ ಮಾತ್ರ ಬಿಡಲಿಲ್ಲ. "ಅದಕ್ಕೂ ನೀರು ಹೋಗೋ ದಾರಿ ಬಿಡಬೇಕಲ್ಲ ಸರ್. ಆ ಊರಲ್ಲಿ ನಮ್ಮಷ್ಟು ಮಳೆ ಬರುತ್ತಾ?" ಎಂದಳು.

ನನ್ನ ಅಭಿಪ್ರಾಯ ಕೇಳಿದರೆ, ಆ ದಿನದ ಒಳ್ಳೆಯ ಎಂಜಿನಿಯರ್ ಅವಳೇ. ನಾವೆಲ್ಲ ಹಳಿಯಿಂದ ಆರಂಭಿಸಿ ನೆಲಕ್ಕೆ ಇಳಿದೆವು. ಅವಳು ನೆಲದಿಂದ ಆರಂಭಿಸಿದಳು. ಸವಾರಿಯ ಸಂತೋಷ ಇರುವುದು ಎತ್ತರದಲ್ಲಲ್ಲ, ತಿರುವಿನ ಆಕಾರದಲ್ಲಿ ಎಂದು ಲೆಕ್ಕ ಹೇಳುತ್ತದೆ. ಹಾಗಿದ್ದ ಮೇಲೆ ಬಯಲಿನಲ್ಲಿ, ಗಟ್ಟಿ ನೆಲದಲ್ಲಿ ಕಟ್ಟಿದ ರೋಲರ್ ಕೋಸ್ಟರಿನಲ್ಲಿ ಕಡಿಮೆಯೇನೂ ಆಗುವುದಿಲ್ಲ. ಕೊಡಗಿನ ಮಕ್ಕಳು ಬಿಡದಿಗೆ ಹೋಗಿ ಬರಲಿ. ಕೊಡಗಿನಲ್ಲೇ ಕಟ್ಟುತ್ತೇವೆ ಎಂದು ಯಾರಾದರೂ ಬಂದರೆ, ಎಷ್ಟು ಎತ್ತರ ಎಂದು ಮೊದಲು ಕೇಳಬೇಡಿ. ಮಣ್ಣು ಪರೀಕ್ಷೆಯ ವರದಿ ಎಲ್ಲಿದೆ, ಮಳೆಗಾಲದ ನೀರು ಯಾವ ಕಡೆ ಹರಿಯುತ್ತದೆ, ಕೆಳಗೆ ಯಾರ ಮನೆಯಿದೆ ಎಂದು ಕೇಳಿ.

ಮನೆಯಲ್ಲಿ ಮಾಡಿ ನೋಡಿ

ತೋಟಕ್ಕೆ ನೀರು ಬಿಡುವ ಹಳೆಯ ಪೈಪಿನ ಎರಡು ಮೀಟರ್ ತುಂಡನ್ನು ದೊಡ್ಡವರ ಸಹಾಯದಿಂದ ಉದ್ದಕ್ಕೆ ಸೀಳಿ. ಒಂದು ಸೀಳೇ ನಿಮ್ಮ ಹಳಿ, ಒಂದು ಗೋಲಿಯೇ ಗಾಡಿ. ನಡುವೆ 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಬರುವಂತೆ ಪೈಪನ್ನು ಸುತ್ತಿ ಹಲಗೆಗೆ ಕಟ್ಟಿ. ಗೋಲಿಯನ್ನು ಯಾವ ಎತ್ತರದಿಂದ ಬಿಟ್ಟರೆ ಅದು ಬೀಳದೆ ಸುತ್ತು ಮುಗಿಸುತ್ತದೆ? ಜಾರುವ ಗಾಡಿಗೆ ಲೆಕ್ಕದ ಪ್ರಕಾರ ಬುಡದಿಂದ 25 ಸೆಂಟಿಮೀಟರ್ ಸಾಕು. ಗೋಲಿ ಉರುಳುವುದರಿಂದ, ತಿರುಗುವುದಕ್ಕೂ ಒಂದಿಷ್ಟು ಶಕ್ತಿ ಹೋಗಿ 27 ಸೆಂಟಿಮೀಟರ್ ಬೇಕಾಗುತ್ತದೆ. ಘರ್ಷಣೆ ಸೇರಿದರೆ ಇನ್ನೂ ಹೆಚ್ಚು. ನಿಮ್ಮ ಪೈಪಿನಲ್ಲಿ ಎಷ್ಟಾಯಿತೆಂದು ಅಳೆದು ಬರೆದಿಡಿ. ಆಮೇಲೆ ಸುತ್ತಿನ ಎತ್ತರ ಬದಲಿಸದೆ, ಅದನ್ನು ತಲೆಕೆಳಗಾದ ಹನಿಯ ಆಕಾರಕ್ಕೆ ತಂದು ಮತ್ತೆ ಬಿಟ್ಟು ನೋಡಿ. ಏನು ವ್ಯತ್ಯಾಸ ಕಂಡಿತು, ಏಕೆ?

ಕಂತನ್ನು ನೋಡುವ ಮುನ್ನ ನಿಮ್ಮ ತರಗತಿಯಲ್ಲಿ ಈ ಮೂರು ಪ್ರಶ್ನೆಗಳನ್ನು ಚರ್ಚಿಸಿ:

1. ಎತ್ತರವನ್ನು ಹೆಚ್ಚಿಸದೆ ಸವಾರಿಯನ್ನು ಹೆಚ್ಚು ಸ್ವಾರಸ್ಯಗೊಳಿಸಲು ಯಾವ ಮೂರು ಬದಲಾವಣೆ ಮಾಡುತ್ತೀರಿ?

2. ಯಂತ್ರ 'ನಿಲ್ಲು' ಎಂದಾಗ, ಅದನ್ನು ಮೀರುವ ಅಧಿಕಾರ ಯಾರಿಗಿರಬೇಕು? ಅಥವಾ ಯಾರಿಗೂ ಇರಬಾರದೇ?

3. ನಿಮ್ಮ ಊರಿನಲ್ಲಿ ಒಂದು ರೋಲರ್ ಕೋಸ್ಟರ್ ಕಟ್ಟುವುದಾದರೆ, ಕಂಬ ಎಲ್ಲಿ ನೆಡುತ್ತೀರಿ?

ಮೂರನೆಯದಕ್ಕೆ ಉತ್ತರ ಪುಸ್ತಕದಲ್ಲಿ ಸಿಗುವುದಿಲ್ಲ. ಮಳೆ ನಿಂತ ಮೇಲೆ ಊರ ಸುತ್ತ ಒಮ್ಮೆ ನಡೆದು ಬನ್ನಿ.